ಅತ್ತೆಯ ಬೋಗುಣಿಯಲ್ಲಿ ಥರ್ಮೋಸ್ಟಾಟು

ರಸ್ತೆ ಬದಿಗೆ ಬಾನೆಟ್ ಎತ್ತಿ ನಿಂತ ಕಾರಿನಷ್ಟು ಬೇಗ ಜನರನ್ನು ಕೂಡಿಸುವ ವಸ್ತು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಮೊದಲು ಯಾರೋ ಒಬ್ಬರು ಮೋಟರ್ ಸೈಕಲ್ ನಿಲ್ಲಿಸುತ್ತಾರೆ. ಅವರನ್ನು ನೋಡಿ ಇನ್ನೊಬ್ಬರು. ಅಷ್ಟರಲ್ಲಿ ಬಾಜೂ ಹೊಲದಿಂದ ಹಿರಿಯರೊಬ್ಬರು ಟವೆಲ್ ಕೊಡವುತ್ತ ಬಂದೇಬಿಡುತ್ತಾರೆ. ಎಲ್ಲರೂ ಸಾಲಾಗಿ ಬಗ್ಗಿ ಒಳಗೆ ನೋಡುತ್ತಾರೆ. ಹಾಗೆ ಬಗ್ಗಿ ನೋಡಿದವರು ಏನೂ ಹೇಳದೆ ತಲೆ ಎತ್ತಿದರೆ ಮರ್ಯಾದೆ ಉಳಿಯುವುದಿಲ್ಲ. ಆದ್ದರಿಂದ ಹೇಳುತ್ತಾರೆ. ನಾನು ಮೂಡಲಗಿಯ ಕಡೆ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಹೇಳುವುದೇ ನನ್ನ ಉದ್ಯೋಗ, ಕೇಳಿಸಿಕೊಂಡು ರೂಢಿಯಿಲ್ಲ. ಆದರೆ ನನ್ನ ಕಾರು ಕುದಿಯತೊಡಗಿದ ಮೇಲೆ ನಾನು ಕೇಳಿಸಿಕೊಂಡಷ್ಟು ಉಪದೇಶವನ್ನು ನನ್ನ ಮಕ್ಕಳು ಕ್ಲಾಸಿನಲ್ಲಿ ಕೂಡ ಕೇಳಿಸಿಕೊಂಡಿರಲಿಕ್ಕಿಲ್ಲ. ಅದೂ ನನಗೆ ಹೇಳಿದ್ದಲ್ಲ. ಎಲ್ಲರೂ ಹೇಳಿದ್ದು ನನ್ನ ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರಿಗೆ.

ನಮ್ಮ ಮನೆಯವರಿಗೆ ಕಾರು ನಡೆಸಲು ಬರುವುದಿಲ್ಲ. ಅರಿವೆ ಅಂಗಡಿಯಲ್ಲಿ ಕುಳಿತು ಸೀರೆಯ ಮಡಿಕೆ ಬಿಚ್ಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಡ್ರೈವಿಂಗ್ ಕಲಿಯಲು ಹೋದ ಮೊದಲ ದಿನವೇ ಕಾರನ್ನು ನೆಟ್ಟಗೆ ಒಯ್ದು ಕಣಿಕೆ ಬಣವೆಯಲ್ಲಿ ನುಗ್ಗಿಸಿ, "ಇದು ನನ್ನ ಮಾತ ಕೇಳಂಗಿಲ್ಲ" ಎಂದು ಇಳಿದವರು ಮತ್ತೆ ಸ್ಟೇರಿಂಗ್ ಮುಟ್ಟಿಲ್ಲ. ಈಗ ಎಡಗಡೆ ಕುಳಿತು, ಎದುರಿಗೆ ಎಮ್ಮೆ ಬಂದಾಗಲೆಲ್ಲ ಕಾಲಡಿಯ ಮ್ಯಾಟನ್ನು ಬ್ರೇಕಿನಂತೆ ಒತ್ತುತ್ತಾರೆ. ಇಷ್ಟಾದರೂ ಎಂಜಿನ್ ಮಾತು ಬಂದರೆ ಮೆಕ್ಯಾನಿಕ್ಕುಗಳೆಲ್ಲ "ನೋಡ್ರಿ ಸಾಹೇಬ್ರ" ಎಂದು ಶುರು ಮಾಡುವುದು ಅವರಿಗೇ. ಅವರೂ "ಹೌದಲ್ರಿ, ನಾನೂ ಅದನ್ನ ಅನ್ನಾಕತ್ತಿದ್ದೆ" ಎನ್ನುತ್ತಾರೆ. ಆ ಹೊತ್ತಿನಲ್ಲಿ ಅವರ ಮುಖದ ಗಾಂಭೀರ್ಯ ನೋಡಬೇಕು!

ಕಾರು ಮೊದಲ ಸಲ ಕುದಿದದ್ದು ಕೊಣ್ಣೂರಿನ ಹತ್ತಿರ. ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು, ರಸ್ತೆಯ ನಟ್ಟನಡುವೆ ಮೆರವಣಿಗೆ ಹೊರಟಿತ್ತು. ಅದರ ಹಿಂದೆ ತೆವಳುತ್ತ ತೆವಳುತ್ತ ನನ್ನ ಕಾರಿನ ಮೂಗಿನಿಂದ ಹಬೆ ಎದ್ದಿತು. ಬಾನೆಟ್ ಎತ್ತಿದೆ. ಜನ ಕೂಡಿದರು. ಟವೆಲಿನ ಹಿರಿಯರು ನಮ್ಮವರಿಗೆ, "ರೇಡಿಯೇಟರದಾಗ ಒಂದ ಮುಟಗಿ ಅರಿಷಿಣ ಹಾಕ್ರಿ, ಕಣ್ಣ ಮುಚ್ಚಿ ಹುಕ್ಕೇರಿ ತನಕ ಹೋಗ್ರಿ" ಎಂದರು. ನಮ್ಮವರು ಅರಿಷಿಣ ಹುಡುಕಲು ಹೊರಟೇಬಿಟ್ಟಿದ್ದರು. ಅಂಗಿ ಹಿಡಿದು ನಿಲ್ಲಿಸಿದೆ. ಕಾರಿನ ತೂತು ಮುಚ್ಚಲು ಅರಿಷಿಣ ಹಾಕುವವರು ಇದ್ದಾರಂತೆ ಖರೆ. ಆದರೆ ನನ್ನ ಕಾರಿನಲ್ಲಿ ತೂತಿರಲಿಲ್ಲ. ಕೆಟ್ಟಿದ್ದು ಥರ್ಮೋಸ್ಟಾಟು.

ಈ ಥರ್ಮೋಸ್ಟಾಟು ಎಂಬುದು ಅಂಗೈಯಲ್ಲಿ ಹಿಡಿಸುವ ಒಂದು ಹಿತ್ತಾಳೆಯ ಗುಂಡಿ. ಎಂಜಿನ್ ತಣ್ಣಗಿರುವಾಗ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಒಳಗಿನ ನೀರು ಸಾಕಷ್ಟು ಕಾದ ಮೇಲೆ ಬಾಯಿ ತೆರೆದು, ಆ ನೀರನ್ನು ಆರಲೆಂದು ರೇಡಿಯೇಟರಿಗೆ ಬಿಡುತ್ತದೆ. ಬಾಯಿ ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂದು ತಿಳಿದಿರುವುದಷ್ಟೇ ಅದರ ವಿದ್ಯೆ. ನಮ್ಮ ಸ್ಟಾಫ್ ರೂಮಿನಲ್ಲಿ ಅಷ್ಟು ಕಲಿತವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ.

ಇನ್ನೂ ಒಂದೆರಡು ಸಲ ಕಾರು ಹಾಗೆಯೇ ಕುದಿಯಿತು. ಸುದ್ದಿ ಹುಕ್ಕೇರಿಗೆ ಮುಟ್ಟಿತು. ಹುಕ್ಕೇರಿಯಲ್ಲಿ ಇರುವವರು ನಮ್ಮ ಭಾವ, ಅಂದರೆ ನಮ್ಮ ಮನೆಯವರ ಅಣ್ಣ. ಅವರು ಫೋನಿನಲ್ಲಿ ಒಂದೇ ಮಾತು ಹೇಳಿದರು: "ಹೆಣಮಕ್ಳ ಕೈಯಾಗ ಹಳೀ ಗಾಡಿ ಕೊಟ್ರ ಇನ್ನೇನಾಕ್ಕೈತಿ? ಮಾರಿ ಬಿಡ್ರಿ." ನಮ್ಮವರು ಅಣ್ಣನಿಗೆ ಎದುರಾಡಿದವರಲ್ಲ, ಫೋನು ಹಿಡಿದು ತಲೆಯಾಡಿಸಿದರು. ಕೊನೆಗೆ ನ್ಯಾಯ ಅತ್ತೆಯ ಮುಂದೆ ಬಂತು. ಮುಂದಿನ ವಾರ ಹುಕ್ಕೇರಿಯಲ್ಲಿ ಭಾವನ ಮಗಳ ಕುಬಸ, ಅಂದರೆ ಸೀಮಂತ, ಇತ್ತು. ಅತ್ತೆ ತೀರ್ಪು ಕೊಟ್ಟರು: "ಕುಬಸಕ್ಕ ಇದ ಗಾಡ್ಯಾಗ ಹೋಗೂಣು. ದಾರ್ಯಾಗ ಕುದೀತಂದ್ರ ಮಾರೂದ. ಕುದೀಲಿಲ್ಲಂದ್ರ ಯಾರೂ ಸೊಲ್ಲ ಎತ್ತಬಾರದು."

ಹೇಳಿಬಿಡುತ್ತೇನೆ, ಆ ಕಾರೆಂದರೆ ನನಗೆ ಪ್ರಾಣ. ಮೊದಲು ಟೆಂಪೋದಲ್ಲಿ ಒಂಟಿಕಾಲಲ್ಲಿ ನಿಂತು, ಯಾರದೋ ಬುಟ್ಟಿಯ ಕೋಳಿಯಿಂದ ಸೀರೆ ಕುಕ್ಕಿಸಿಕೊಂಡು ಸಾಲಿಗೆ ಹೋಗುತ್ತಿದ್ದವಳು ನಾನು. ಕಾರು ಬಂದ ಮೇಲೆ ಮನೆಯಿಂದ ಸಾಲಿಯವರೆಗಿನ ಆ ದಾರಿಯಷ್ಟೂ ನನ್ನದು. ಅಲ್ಲಿ ಯಾರೂ "ಚಹಾ ಆತೇನ" ಎನ್ನುವುದಿಲ್ಲ, ಯಾರೂ "ಟೀಚರ್, ಇವನು ಹೊಡದಾ" ಎನ್ನುವುದಿಲ್ಲ. ನನ್ನ ಪಾಡಿಗೆ ನಾನು ಗುನುಗಿಕೊಂಡು ಹೋಗುತ್ತೇನೆ. ಅದನ್ನು ಒಂದು ಹಿತ್ತಾಳೆ ಗುಂಡಿಯ ಸಲುವಾಗಿ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ನಮ್ಮ ಓಣಿಯ ಮೆಕ್ಯಾನಿಕ್ಕು ಹಳೆಯ ಥರ್ಮೋಸ್ಟಾಟನ್ನು ಬಿಚ್ಚಿ ನಮ್ಮವರ ಕೈಯಲ್ಲಿಟ್ಟು, "ಹೊಸಾದು ಯಾಕ್ರಿ ಸಾಹೇಬ್ರ? ನಮ್ಮ ಕಡೆ ಬಿಸಲಿಗೆ ಅದರ ಕೆಲಸೇನೈತಿ? ಅದು ಇಲ್ಲದನ ಓಡಸ್ರಿ" ಎಂದ. ಗೋಕಾಕದ ಅಂಗಡಿಗೆ ಹೋದರೆ ಅಲ್ಲಿಯ ಮಾಲಕರು, "ಎಪ್ಪತ್ತಾರ ಡಿಗ್ರಿದು ಒಯ್ರಿ, ಲಗೂನ ಬಾಯಿ ತಗೀತೈತಿ, ಗಾಡಿ ಥಂಡ ಇರ್ತೈತಿ" ಎಂದರು. ಭಾವ ಫೋನಿನಲ್ಲಿ, "ಎಂಬತ್ತೆಂಟ ಹಾಕಸ್ರಿ, ನಂಬರ ದೊಡ್ಡದಿದ್ರ ಮಾಲ ಗಟ್ಟಿ ಇರ್ತೈತಿ" ಎಂದರು. ನಮ್ಮವರು ಅರಿವೆ ವ್ಯಾಪಾರಿಯಲ್ಲವೇ, "ಯಾವ ಡಬ್ಬಿ ಚಂದ ಐತಿ ನೋಡು" ಎಂದರು. ನಾನು ಮಾತ್ರ ಹಳೆಯದನ್ನು ತಿರುಗಿಸಿ ನೋಡಿದೆ. ಅದರ ಅಂಚಿನಲ್ಲಿ ಎಂಬತ್ತೆರಡು ಎಂದು ಒತ್ತಿತ್ತು. ಆ ಎಂಜಿನ್ ಮಾಡಿದವರು ಎಷ್ಟು ಬಿಸಿ ಬೇಕೆಂದು ಗೊತ್ತಿಲ್ಲದೆ ಒತ್ತಿರುತ್ತಾರೆಯೇ? ಬೇಗ ಬಾಯಿ ತೆರೆದರೆ ಎಂಜಿನ್ ಹದಕ್ಕೆ ಕಾಯದೆ ಪೆಟ್ರೋಲು ಕುಡಿಯುತ್ತದೆ, ತಡವಾಗಿ ತೆರೆದರೆ ಕುದಿಯುತ್ತದೆ. "ಎಂಬತ್ತೆರಡಿಂದ ಕೊಡ್ರಿ" ಎಂದೆ. ಮಾಲಕರು ನಮ್ಮವರ ಮುಖ ನೋಡಿದರು. ನಮ್ಮವರು, "ನಾನೂ ಅದನ್ನ ಅನ್ನಾಕತ್ತಿದ್ದೆ" ಎಂದರು.

ಹೊಸದಾದರೂ ಹಾಗೇ ಹಾಕಿಸಬಾರದು, ನೀರಲ್ಲಿ ಕುದಿಸಿ ಬಾಯಿ ತೆರೆಯುತ್ತದೋ ಇಲ್ಲವೋ ನೋಡಬೇಕು ಎಂದು ಎಲ್ಲೋ ಓದಿದ್ದೆ. ಕುಬಸದ ಹಿಂದಿನ ಸಂಜೆ, ಅತ್ತೆ ದೇವರ ಕೋಣೆಯಲ್ಲಿರುವುದನ್ನು ನೋಡಿ, ಅವರ ಹಾಲಿನ ಬೋಗುಣಿಯನ್ನೇ ಒಲೆಯ ಮೇಲಿಟ್ಟೆ. ಆ ಅಳತೆಯದು ಬೇರೆ ಸಿಗಲಿಲ್ಲ. ದಾರಕ್ಕೆ ಕಟ್ಟಿ ಥರ್ಮೋಸ್ಟಾಟನ್ನು ಇಳಿಬಿಟ್ಟೆ. ಆಗಲೇ ಬೆನ್ನ ಹಿಂದೆ ದನಿ ಬಂತು.

"ಏನ ಬೇ ಅದು, ನನ್ನ ಬೋಗುಣ್ಯಾಗ?"

"ಗಾಡೀದ ಥರ್ಮೋಸ್ಟಾಟ್ರಿ ಅತ್ತ್ಯಾರ."

"ಕುದಿಸಿ ಉಣ್ಣೂದೇನ ಅದನ್ನ?"

"ಪರೀಕ್ಷಾ ಮಾಡಾಕತ್ತೇನ್ರಿ. ನೀರ ಕಾದ ಮ್ಯಾಲ ಅದು ಬಾಯಿ ತಗೀಬೇಕ್ರಿ."

ಬೈಯುತ್ತಾರೆಂದು ಭುಜ ಕುಗ್ಗಿಸಿ ನಿಂತೆ. ಅವರು ಮಣೆ ಎಳೆದುಕೊಂಡು ಬಂದು, ಅದರ ಮೇಲೆ ಹತ್ತಿ ನಿಂತು, ಬೋಗುಣಿಯಲ್ಲಿ ಇಣುಕಿದರು. ನೀರು ಕಾಯಿತು. ಹೊಸದು ಮೆಲ್ಲಗೆ ಬಾಯಿ ತೆರೆಯಿತು. "ಅಯ್ಯ ನಮ್ಮವ್ವ! ತುತ್ತ ಕೊಟ್ರ ಕೂಸು ಬಾಯಿ ತಗದಂಗ ತಗೀತ ನೋಡ!" ಎಂದು ಅತ್ತೆ ಕೈ ತಟ್ಟಿದರು. ಹಳೆಯದನ್ನೂ ಇಳಿಬಿಟ್ಟೆ. ಕುದಿಕುದಿದರೂ ಅದು ಒಂದು ಎಳೆಯಷ್ಟು ಬಾಯಿ ಬಿಟ್ಟು ಸುಮ್ಮನಾಯಿತು. ಅತ್ತೆ ನಿಟ್ಟುಸಿರು ಬಿಟ್ಟು, "ಇದು ನಿನ್ನ ಗಂಡನಂಗ. ಅಣ್ಣನ ಮುಂದ ಬಾಯೇ ಬಿಡಂಗಿಲ್ಲ" ಎಂದರು. ನನಗೆ ಆ ಕ್ಷಣ ಅವರ ಕಾಲು ಮುಟ್ಟಿ ನಮಸ್ಕರಿಸೋಣ ಎನ್ನಿಸಿತು. "ಹಳೇದನ್ನ ಕಸದಾಗ ಒಗದ ಬಿಡ್ರಿ ಅತ್ತ್ಯಾರ" ಎಂದು ಹೇಳಿ ಸೀರೆ ಇಸ್ತ್ರಿ ಮಾಡಲು ಹೋದೆ.

ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ತಾಟಿನಲ್ಲಿ ಥರ್ಮೋಸ್ಟಾಟು ಫಳಫಳ ಹೊಳೆಯುತ್ತಿತ್ತು. ಎತ್ತಿಕೊಂಡು ಓಡಿದೆ. ಮೆಕ್ಯಾನಿಕ್ಕು ಕೂಡ ಅದನ್ನು ನೋಡಿ, "ಮಾಲ ಭಾರಿ ತಂದೀರಿ ಸಾಹೇಬ್ರ" ಎಂದು ನಮ್ಮವರನ್ನು ಹೊಗಳಿ ಕೂಡಿಸಿಕೊಟ್ಟ. ಹೋಳಿಗೆ ಬುಟ್ಟಿ, ಉಡಿ ತುಂಬುವ ಸಾಮಾನು, ಅತ್ತೆ, ಎಲ್ಲವನ್ನೂ ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಹೊರಟೆವು.

ಗೋಕಾಕದವರೆಗೆ ನಾನೇ ರಾಣಿ. ಗೋಕಾಕ ದಾಟಿದ್ದೇ ತಡ, ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಕೊಣ್ಣೂರಿನ ಹತ್ತಿರ ಮತ್ತದೇ ಹಣೆಬರಹ, ಮುಂದೆ ಕಬ್ಬಿನ ಟ್ರ್ಯಾಕ್ಟರು. ಕಾರಿನ ಹೀಟರ್ ಹಚ್ಚಿದರೆ ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಒಳಗೆ ಎಳೆದುಕೊಳ್ಳಬಹುದು ಎಂಬುದನ್ನೂ ಓದಿದ್ದೆ. ಹೋಳಿ ಹುಣ್ಣಿವೆ ಮುಗಿದ ಮೇಲಿನ ಮಧ್ಯಾಹ್ನ. ದೇವರೇ ಎಂದು ಹೀಟರನ್ನು ಪೂರ್ತಿ ತಿರುಗಿಸಿದೆ.

"ಯಾಕ ಇಷ್ಟ ಸೆಕಿ?" ಎಂದರು ನಮ್ಮವರು.

"ಹೊರಗ ಬಿಸಲ ನೋಡ್ರಿ ಹೆಂಗೈತಿ."

"ಬಿಸಲ ಮ್ಯಾಲಿಂದ ಬರಬೇಕಲ್ಲ, ಕಾಲಾಗಿಂದ ಹೆಂಗ ಬರಾಕತ್ತೈತಿ?"

ಕಿಡಕಿ ಇಳಿಸಿದರೆ ಹೊರಗಿನ ಝಳ, ಏರಿಸಿದರೆ ಒಳಗಿನದು. ಕನ್ನಡಿಯಲ್ಲಿ ನೋಡಿದೆ. ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಮುಂದೆ ಬಾಗಿ ಮುಳ್ಳನ್ನೇ ದಿಟ್ಟಿಸುತ್ತಿದ್ದರು. "ಅದು ಕೆಂಪ ಗೆರಿ ಮುಟ್ಟಿದ್ರ ಏನಾಕ್ಕೈತಿ?" ಎಂದರು. "ಗಾಡಿ ಕುದೀತೈತ್ರಿ" ಎಂದೆ. "ಮುಟ್ಟೈತೇನ?" "ಇನ್ನಾ ಇಲ್ರಿ." "ಹಂಗಾರ ಹೊಡಿ" ಎಂದರು. ಮುಳ್ಳು ಕೆಂಪು ಗೆರೆಯ ಹೊಸ್ತಿಲಲ್ಲಿ ನಡುಗುತ್ತ ಹುಕ್ಕೇರಿ ಮುಟ್ಟಿತು.

ಭಾವ ಬಾಗಿಲಲ್ಲೇ ನಿಂತಿದ್ದರು. ಕಾರಿನಿಂದ ಇಳಿದ ನಮ್ಮ ಮೂವರನ್ನು ನೋಡಿ ಅಲ್ಲಿದ್ದ ಹೆಂಗಸರು, ದಾರಿಯಲ್ಲಿ ಕೆರೆಗೆ ಬಿದ್ದೆದ್ದು ಬಂದಿದ್ದಾರೆಂದೇ ತಿಳಿದರು. ಅಷ್ಟು ಬೆವರು. ಭಾವ ನೇರವಾಗಿ ಕೇಳಿದರು: "ಯವ್ವಾ, ಖರೆ ಹೇಳು. ಗಾಡಿ ಕುದೀತೋ ಇಲ್ಲೋ?"

ಅತ್ತೆ ಸುಳ್ಳು ಹೇಳುವವರಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಸುಳ್ಳಾಡಬಾರದು ಎಂದು ಎಲ್ಲರಿಗೂ ಹೇಳುತ್ತ ಬಂದವರು. ಅವರು ಕಟ್ಟೆಯ ಮೇಲೆ ಕುಳಿತು, ಮುಖ ಒರೆಸಿಕೊಂಡು ಹೇಳಿದರು:

"ಗಾಡಿ ಕುದ್ದಿಲ್ಲ. ನಾವ ಕುದ್ದೇವಿ. ಮೊದಲ ನೀರ ತರಸು. ಮತ್ತ ಮಾರೂ ಮಾತ ತಗದೀಯಂದ್ರ ನೋಡು, ಬರೂ ಅಮಾಸಿಗೆ ನಾನು ನಿಡಸೋಸಿ ಮಠಕ್ಕ ಅದ ಗಾಡ್ಯಾಗ ಹೋಗಾಕಿ ಅದೇನಿ."

ಕಾರು ಉಳಿಯಿತು. ಅತ್ತೆಯನ್ನು ತಬ್ಬಿಕೊಳ್ಳಬೇಕೆನ್ನಿಸಿತು, ಆದರೆ ಇಬ್ಬರ ಮೈಯೂ ಆ ಸ್ಥಿತಿಯಲ್ಲಿರಲಿಲ್ಲ. ಸಂಜೆಯ ತಂಪಿನಲ್ಲಿ, ದಾರಿಯಲ್ಲಿ ನಿಂತು ನಿಂತು ನೀರು ಹಾಕಿಕೊಂಡು ಮನೆ ಸೇರಿದೆವು.

ಮರುದಿನ ಚಹಾಕ್ಕೆಂದು ಯಾಲಕ್ಕಿ ಡಬ್ಬಿ ತೆಗೆದರೆ, ಅದರ ಬಾಜೂ, ತಾನು ಬಂದ ಪೆಟ್ಟಿಗೆಯಲ್ಲೇ, ಹೊಸ ಥರ್ಮೋಸ್ಟಾಟು ಮಲಗಿತ್ತು. ಪೆಟ್ಟಿಗೆಯನ್ನು ಅತ್ತೆಯ ಮುಂದೆ ಹಿಡಿದೆ. ಅತ್ತೆ ಹೇಳಿದರು: "ಅಷ್ಟ ಚಂದ ಪಿತಾಳಿ, ಒಗಿಯಾಕ ಮನಸ್ಸ ಬರಲಿಲ್ಲವ್ವಾ. ಹುಣಸಿಹಣ್ಣ ಹಚ್ಚಿ ತಿಕ್ಕಿದೆ, ಬಂಗಾರ ಆತು. ಹೊಸಾದನ್ನ ಅದರ ಪೆಟಗ್ಯಾಗ ತಗದ ಇಟ್ಟೆ. ನೀನು ಹಳೇದನ್ನ ಒಯ್ದಿ. ಹೊಸಾದು ಹಬ್ಬ ಹುಣ್ಣಿವಿಗೆ ಇರಲಿ ಅಂತ ಬಿಟ್ಟಿ ಅನ್ಕೊಂಡೆ. ಭಾಳ ಶ್ಯಾಣ್ಯಾ ಸೊಸಿ ಅಂತ ಖುಷಿ ಆತು." ಊರಿನ ಉಪದೇಶವನ್ನೆಲ್ಲ ಬದಿಗೊತ್ತಿ, ನಂಬರು ನೋಡಿ, ನೀರಲ್ಲಿ ಕುದಿಸಿ, ಸರಿಯಾದದ್ದನ್ನು ಆರಿಸಿದ ನಾನು, ಕೊನೆಗೆ ಹೊಳಪು ನೋಡಿ ಎತ್ತಿಕೊಂಡಿದ್ದೆ. ಡಬ್ಬಿ ಚಂದವಿದ್ದದ್ದನ್ನು ಆರಿಸೆಂದ ನಮ್ಮವರಿಗೂ ನನಗೂ ಏನು ಫರಕು?

ಅಂದೇ ಹೊಸದನ್ನು ಹಾಕಿಸಿದೆ. ಮುಳ್ಳು ಈಗ ನಡುವೆ ಕುಳಿತು ಅಲ್ಲಾಡುವುದಿಲ್ಲ. ಇದಾಗಿ ಕೆಲವು ದಿನಕ್ಕೆ ಹತ್ತರಗಿಯ ಹೈವೇ ಮೇಲೆ ಭಾವನ ಕಾರೇ ಕುದಿದು ನಿಂತಿತು. ಅಲ್ಲಿಂದಲೇ ಅವರು ತಮ್ಮನಿಗೆ ಫೋನು ಮಾಡಿ, "ಫೋನ ಬಾಯಾರಿಗೆ ಕೊಡು" ಎಂದರಂತೆ. ಬಾಯಾರೆಂದರೆ ಟೀಚರಮ್ಮ, ಅಂದರೆ ನಾನು. ಎಂಜಿನ್ ಮಾತಿಗೆ ನನ್ನನ್ನು ಕರೆದದ್ದು ಅದೇ ಮೊದಲು! ಕುರ್ಚಿ ಎಳೆದು ಕುಳಿತು ಶುರು ಮಾಡಿದೆ: ಹಳೆಯದನ್ನು ಬಿಚ್ಚಿಸ್ರಿ, ನಂಬರ್ ಓದ್ರಿ, ಅದೇ ನಂಬರಿನದು ತರ್ರಿ, ನೀರಲ್ಲಿ ಕುದಿಸಿ ನೋಡ್ರಿ. ಕ್ಲಾಸಿನಲ್ಲೂ ನಾನು ಇಷ್ಟು ಚೆನ್ನಾಗಿ ಪಾಠ ಮಾಡಿದ್ದಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಕೂಗಿದರು: "ಹೊಸಾದು ಯಾವುದು ಹಳೇದು ಯಾವುದು ಅನ್ನೂದನ್ನ ನೋಡಿ ಹಾಕಸಾಕ ಹೇಳ ಬೇ, ಅದನ್ನ ಮರೀಬ್ಯಾಡ!"

ಫೋನಿನ ಮೇಲೆ ಅಂಗೈ ಮುಚ್ಚಿದೆ. ತಡವಾಗಿತ್ತು. "ಅವ್ವ ಏನೋ ಅನ್ನಾಕತ್ತಾಳಲ್ಲ?" ಎಂದರು ಭಾವ.

"ಏನಿಲ್ರಿ ಭಾವಾರ. ಊಟಕ್ಕ ಬರಾಕ ಹೇಳು ಅನ್ನಾಕತ್ತಾರ್ರಿ" ಎಂದೆ.

ಅತ್ತೆಯ ಕೊರಳಲ್ಲಿ ಇರುವಂಥ ಲಿಂಗವೇ ನನ್ನ ಕೊರಳಲ್ಲೂ ಇದೆ. ಆ ಮಾತಾಡುವ ಮುಂಚೆ ಅದನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿಕೊಂಡಿದ್ದೆ.