ಸಮಾಧಿಗಳ ನಡುವೆ ಮಕ್ಕಳಿಗೆ ಜಪ ಕಲಿಸಿದ್ದು

ಮಕ್ಕಳಲ್ಲಿ ವಿಶ್ವಾಸ ಬೆಳೆಸುವುದು ಅಪ್ಪಂದಿರ ಕೆಲಸ ಎಂದು ಚರ್ಚಿನಲ್ಲಿ ಫಾದರ್ ಭಾನುವಾರದ ಪ್ರಸಂಗದಲ್ಲಿ ಹೇಳಿದ್ದೇ ತಡ, ಆ ಕೆಲಸಕ್ಕೆ ನನಗಿಂತ ಯೋಗ್ಯನಾದ ಅಪ್ಪ ದೊಡ್ಡಬಳ್ಳಾಪುರದಲ್ಲೇ ಇಲ್ಲವೆಂದು ನನಗೆ ಖಾತ್ರಿಯಾಯಿತು. ಮನೆಯಲ್ಲಿ ಎರಡು ಪ್ರಕರಣಗಳು ಬಾಕಿ ಇದ್ದವು. ಪಿಯುಸಿ ಓದುವ ಮಗಳು ಶೆರಿನ್ ಸಂಜೆಯ ಜಪಸರಕ್ಕೆ ಕೂತರೆ ತೂಕಡಿಸುತ್ತಾಳೆ. ಒಂಬತ್ತನೇ ಕ್ಲಾಸಿನ ಜೋವಿನ್, ದೇವರಿದ್ದಾನೆ ಅನ್ನೋದಕ್ಕೆ ಪ್ರೂಫ್ ಏನು ಎಂದು ಊಟದ ಹೊತ್ತಿಗೇ ಕೇಳುತ್ತಾನೆ.

ಸತ್ತವರನ್ನು ನೆನೆಯುವ ಸಮಾಧಿ ಹಬ್ಬದ ಬೆಳಿಗ್ಗೆ, ಫಾದರ್ ಪೂಜೆಗೂ ಮುಂಚೆ, ಇಬ್ಬರನ್ನೂ ನನ್ನ ಅಮ್ಮನ ಸಮಾಧಿಗೆ ಕರೆದೊಯ್ದು ಜಪ ಮಾಡಿಸುವುದೆಂದು ತೀರ್ಮಾನಿಸಿದೆ. ಜನ ಸೇರಿದ ಮೇಲೆ ಹೋಗಬಾರದೇ ಎಂದು ಹೆಂಡತಿ ಸ್ಟೆಲ್ಲಾ ಕೇಳಿದಳು. ಏಕಾಂತದಲ್ಲೇ ಭಕ್ತಿ ಹುಟ್ಟುವುದೆಂದು ಅವಳಿಗೆ ವಿವರಿಸಿದೆ.

"ಹುಷಾರು ಕಣ್ರೀ. ನೀವು ಹಲ್ಲಿ ಲೊಚಗುಟ್ಟಿದ್ರೂ ಬೆಚ್ಚಿಬೀಳ್ತೀರಿ" ಎಂದಳು.

ನಂದಿಬೆಟ್ಟದ ಕಡೆಯಿಂದ ಇಳಿದ ಮಂಜು ಸಮಾಧಿಗಳನ್ನೆಲ್ಲ ನುಂಗಿತ್ತು. ಕರೆಂಟ್ ಹೋಗಿದ್ದರಿಂದ ಊರಿನ ಮಗ್ಗಗಳ ಸದ್ದೂ ಇಲ್ಲ. ಹತ್ತಿರದ ಶಿಲುಬೆಗಳು ಶಿಲುಬೆಗಳಂತೆಯೇ ಇದ್ದವು; ದೂರದವು ಕೈಚಾಚಿ ನಿಂತ ಮನುಷ್ಯರಂತೆ. ಮೇಣದಬತ್ತಿ ಹಚ್ಚಿದೆ. ಗಾಳಿಯೇ ಇಲ್ಲ, ಆದರೂ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಇಬ್ಬನಿಗೆ ಬತ್ತಿ ನೆಂದಿರಬೇಕೆಂದು ಮಕ್ಕಳಿಗೆ ಹೇಳಿದೆ, ನನಗೂ ಹೇಳಿಕೊಂಡೆ.

"ನಮೋ ಮರಿಯಾ" ಎಂದು ಜಪದ ಮೊದಲರ್ಧ ನಾನು ಹೇಳಬೇಕು, "ಸಂತ ಮರಿಯಾ" ಎಂದು ಉಳಿದರ್ಧ ಮಕ್ಕಳು ಹೇಳಬೇಕು, ಅದು ಕ್ರಮ. ಕಣ್ಣು ಮುಚ್ಚಿ ನನ್ನ ಪಾಲು ಮುಗಿಸಿದೆ. ಕೂಡಲೇ ಉತ್ತರ ಬಂತು, ಮೆಲ್ಲಗೆ, ನಡುಗುವ ದನಿಯಲ್ಲಿ. ಶೆರಿನ್‌ಗೆ ಇಷ್ಟೊಂದು ಭಕ್ತಿ! ನನ್ನ ಎದೆ ತುಂಬಿತು. ಇನ್ನೊಂದು ಸಲ ಹೇಳಿದೆ, ಮತ್ತೆ ಉತ್ತರ ಬಂತು. ಹೆಮ್ಮೆಯಿಂದ ಕಣ್ಣು ಬಿಟ್ಟೆ. ಉತ್ತರ ಇನ್ನೂ ಕೇಳುತ್ತಿತ್ತು. ಮಕ್ಕಳಿಬ್ಬರ ಬಾಯಿಯೂ ಮುಚ್ಚಿತ್ತು.

"ಡ್ಯಾಡಿ," ಶೆರಿನ್ ಪಿಸುಗುಟ್ಟಿದಳು, "ನಾವಲ್ಲ ಹೇಳ್ತಿರೋದು."

ದನಿ ಅಮ್ಮನ ಸಮಾಧಿಯ ಆಚೆಯಿಂದ ಬರುತ್ತಿತ್ತು. ಅಮ್ಮನೂ ಹೀಗೇ ಎಳೆದೆಳೆದು ಜಪ ಹೇಳುತ್ತಿದ್ದಳು. ಮಗ ಕೇಳುತ್ತಿದ್ದ ಪ್ರೂಫ್ ಸಿಕ್ಕಿತ್ತು. ಅದನ್ನು ವಿವರಿಸಲು ನಾನು ಅಲ್ಲಿ ನಿಲ್ಲಲಿಲ್ಲ.

ಓಡುವಾಗ ಯಾರೋ ಹಿಂದಿನಿಂದ ಪಂಚೆ ಹಿಡಿದೆಳೆದರು. ಬಿಟ್ಟುಬಿಡು ತಾಯೇ ಎಂದು ಕೂಗಿ, ಪಂಚೆಯನ್ನು ಅವರಿಗೇ ಬಿಟ್ಟು, ಚಡ್ಡಿಯಲ್ಲಿ ಗೇಟಿನ ಹೊರಗೆ ಬಂದು ನಿಂತೆ. ಮಕ್ಕಳು ನೆನಪಾದದ್ದು ಅಲ್ಲಿ. ಕೂಗಿದೆ; ಯಾರೂ ಓಗೊಡಲಿಲ್ಲ. ಮಂಜಿನೊಳಗಿಂದ ಜಪ ಮಾತ್ರ ಕೇಳುತ್ತಿತ್ತು, ಈಗ ಮೂರು ದನಿಗಳಲ್ಲಿ. ನನ್ನ ಮಕ್ಕಳೂ ಸತ್ತವರ ಜೊತೆ ಸೇರಿಬಿಟ್ಟರೆಂದುಕೊಂಡೆ.

ಕೊನೆಗೆ ಮೂವರು ಹೊರಬಂದರು. ಜೋವಿನ್ ಕೈಯಲ್ಲಿ ಮುಳ್ಳುಗಿಡದಿಂದ ಬಿಡಿಸಿದ ನನ್ನ ಪಂಚೆ. ಶೆರಿನ್ ತೋಳು ಹಿಡಿದು ಆರೋಗ್ಯಮ್ಮ ಎಂಬ ಅಜ್ಜಿ. ಕಣ್ಣು ಸರಿಯಾಗಿ ಕಾಣದ ಅವರು ಪಕ್ಕದಲ್ಲೇ ಗಂಡನ ಸಮಾಧಿಗೆ ಒರಗಿ ಕೂತಿದ್ದರಂತೆ. ಗಂಡ ಇದ್ದಾಗ ದಿನಾ ಜಪದ ಮೊದಲರ್ಧ ಅವರು ಹೇಳುತ್ತಿದ್ದರು, ಇವರು ಉತ್ತರಿಸುತ್ತಿದ್ದರು. ಮಂಜಿನಲ್ಲಿ ಗಂಡಸಿನ ದನಿ ಕೇಳಿ, ಗಂಡನೇ ಬಂದರೆಂದು ನಂಬಿದ್ದರು. ನಾನು ಓಡಿದ ಮೇಲೆ "ಯಾಕ್ರೀ ನಿಲ್ಸ್‌ಬಿಟ್ರಿ?" ಎಂದು ಸಮಾಧಿಯ ಕಲ್ಲನ್ನೇ ಕೇಳಿದರಂತೆ. ಅದನ್ನು ಕೇಳಲಾರದೆ ಶೆರಿನ್ ಹೋಗಿ ಪಕ್ಕ ಕೂತು, ನನ್ನ ಪಾಲನ್ನು ತಾನೇ ಹೇಳಿ ಮುಗಿಸಿದ್ದಳು; ಜೋವಿನ್ ಕೂಡ ದನಿಗೂಡಿಸಿದ್ದ.

ಪಂಚೆ ಸುತ್ತಿಕೊಂಡು, ಆ ದನಿ ನನ್ನದೆಂದು ಅಜ್ಜಿಗೆ ತಿಳಿಸಿ ಕ್ಷಮೆ ಕೇಳಿದೆ.

"ಆಮೇಲೆ ಗೊತ್ತಾಯ್ತು ಕಣಪ್ಪ," ಎಂದರು ಅಜ್ಜಿ. "ನಮ್ ಯಜಮಾನ್ರು ಜಪ ಅರ್ಧಕ್ಕೆ ಬಿಟ್ಟು ಓಡೋರಲ್ಲ."

ಈಗ ಮನೆಯಲ್ಲಿ ಜಪದ ಮೊದಲರ್ಧ ಶೆರಿನ್ ಹೇಳುತ್ತಾಳೆ. ನನಗೆ ಬಾಗಿಲಿನಿಂದ ಅತಿ ದೂರದ ಜಾಗ ಕೊಟ್ಟಿದ್ದಾರೆ.