ಹನ್ನೊಂದು ಚಾನೆಲ್ಲು, ಒಂದು ಆಲೂಬೋಂಡ

ಬೆಳೆಯುವವರನ್ನು ಕಂಡು ಕರುಬುವವನು ನಾನಲ್ಲ. ಬನಶಂಕರಿಯ ನಮ್ಮ ಪಕ್ಕದ ಮನೆಯವರು ಎರಡನೇ ಮಹಡಿ ಎಬ್ಬಿಸಿ ನಮ್ಮ ಸಂಡಿಗೆಯ ಬಿಸಿಲಿಗೆ ಕಲ್ಲು ಹಾಕಿದಾಗಲೂ ಗೃಹಪ್ರವೇಶಕ್ಕೆ ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡು ಬಂದವನು. ಆದರೆ ದೇಶದ ತುಂಬ ಕೈಕಾಲು ಚಾಚಿಕೊಂಡ ಒಂದು ಟಿವಿ ಕಂಪನಿಯ ಹೆಸರೆತ್ತಿದರೆ ಮಾತ್ರ ನನಗೆ ಮೈ ಉರಿಯುತ್ತದೆ. ಅದು ಬೆಳೆದದ್ದಕ್ಕೆ ಸೊರಗಿದವನು ನಾನು.

ಎರಡು ವರ್ಷದ ಹಿಂದೆ ಅದು ಕನ್ನಡಕ್ಕೆ ಹೊಸದಾಗಿ ಬಂದಿತ್ತು. ಜೆ.ಪಿ. ನಗರದಲ್ಲಿ ಬೇಕರಿಯ ಮೇಲೆ ಎರಡು ಕೋಣೆ, ಒಂದು ಕ್ಯಾಮೆರಾ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಾನು ಆಲೂಬೋಂಡ ತಿನ್ನುತ್ತಿದ್ದಾಗ ಅವರ ಕಡೆಯ ಹುಡುಗಿಯೊಬ್ಬಳು ಬಂದು, "ಅಂಕಲ್, ಸ್ವಲ್ಪ ಬಾಯಿ ದೊಡ್ಡದಾಗಿ ತೆಗೀರಿ," ಅಂದಳು. ತೆಗೆದೆ. ಬೆಳಕು ಸಾಲದೆಂದಾಗ ಇನ್ನೊಂದು ಬೋಂಡಕ್ಕೂ ತೆಗೆದೆ. ವಸಂತಪುರದ ತಂಗಿಯಿಂದ ಹಿಡಿದು ಆಫೀಸಿನ ಜವಾನನವರೆಗೆ ಎಲ್ಲರಿಗೂ ಫೋನು ಮಾಡಿ, ಟಿವಿ ಹಾಕಿಸಿ ತೋರಿಸಿದವನೂ ನಾನೇ.

ಆಮೇಲೆ ನನಗೆ ಶುಗರ್ ಬಂತು, ಕಂಪನಿಗೆ ಒಳ್ಳೆಯ ಕಾಲ ಬಂತು. ತಮಿಳು, ತೆಲುಗು, ಒಡಿಯಾ. ಆರೋಗ್ಯಕ್ಕೊಂದು, ವ್ಯಾಪಾರಕ್ಕೊಂದು, ಭಕ್ತಿಗೊಂದು ಚಾನೆಲ್ಲು. ಇಷ್ಟೂ ಚಾನೆಲ್ಲಿಗೆ ದೃಶ್ಯಗಳ ಉಗ್ರಾಣ ಒಂದೇ, ಅದರಲ್ಲಿ ನನ್ನ ಬೋಂಡವೂ ಸೇರಿತ್ತು. ಅಡುಗೆ ಎಣ್ಣೆ ದುಬಾರಿಯಾದರೂ ನಾನು, ಜನರಿಗೆ ಬೊಜ್ಜು ಬಂದರೂ ನಾನು. ಏಕಾದಶಿ ಉಪವಾಸದ ಮಹಿಮೆ ಹೇಳುವಾಗ "ಆದರೆ ಇಂಥವರೂ ಇದ್ದಾರೆ" ಎಂಬಲ್ಲಿಯೂ ನಾನೇ.

ನನ್ನ ಹೆಂಡತಿ ಸುಮಿತ್ರ ಪ್ರತಿ ಸಲವೂ ಅದನ್ನು ಅಂದಿನದೆಂದೇ ನಂಬುತ್ತಾಳೆ.

"ಇವತ್ತೂ ತಿಂದ್ರಾ?"

"ಅದು ಹಳೇದು ಕಣೇ!"

"ಶರ್ಟ್ ಇದೇ ಅಲ್ವಾ?"

ಅದೇ ಹಸಿರು ಚೌಕಳಿ ಶರ್ಟು, ನಿಜ. ಹರಿಯದ ಶರ್ಟನ್ನು ಎಸೆಯುವ ಮನೆತನ ನಮ್ಮದಲ್ಲ. ಆದರೆ ದೇವರಾಣೆ, ಎಂಟು ತಿಂಗಳಿಂದ ಬೋಂಡದ ಗಾಡಿ ಕಂಡರೆ ರಸ್ತೆ ದಾಟಿ ಹೋಗುತ್ತಿದ್ದೆ. ಆದರೂ ಮೊನ್ನೆ ಅವಳು, "ತಿನ್ನೋದ್ ತಿನ್ನಿ, ಸುಳ್ಳು ಹೇಳ್ಬೇಡಿ," ಎಂದು ಕಣ್ಣೊರೆಸಿಕೊಂಡಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಸುಳ್ಳುಗಾರ ಎನಿಸಿಕೊಂಡದ್ದು ಇದೇ ಮೊದಲು. ತುಂಬ ನೋವಾಯಿತು.

ರಜೆ ಹಾಕಿ ಕಂಪನಿಗೇ ಹೋದೆ. ಬೇಕರಿ ಮಾಯವಾಗಿ ಐದಂತಸ್ತಿನ ಗಾಜಿನ ಕಟ್ಟಡ ಎದ್ದಿತ್ತು. ಒಂದು ಮಹಡಿಯವರು ಇನ್ನೊಂದು ಮಹಡಿಗೆ ಅಟ್ಟುತ್ತಾ ಹೋದರು. ಮಧ್ಯಾಹ್ನದ ಊಟ ತಪ್ಪಿತು. ಕೊನೆಗೆ ಸಿಕ್ಕ ಮ್ಯಾನೇಜರ್, "ಸಾರ್, ನೀವಾ! ಸಖತ್ ಶಾಟ್ ಸಾರ್ ಅದು. ತೆಗ್ಯೋಕಾಗಲ್ಲ, ಹನ್ನೊಂದು ಚಾನೆಲ್‌ಗೂ ಹೋಗ್ಬಿಟ್ಟಿದೆ," ಎಂದು ಕೈ ಕುಲುಕಿದ.

"ಹಾಗಾದ್ರೆ ಅದು ಹಳೇದು ಅಂತ ಬರ್ಕೊಡಿ. ಮನೇಲಿ ತೋರಿಸ್ಬೇಕು," ಎಂದೆ ಹಲ್ಲು ಕಚ್ಚಿಕೊಂಡು.

ದೃಶ್ಯ ಎರಡು ವರ್ಷ ಹಿಂದಿನದೆಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟ.

ಗೇಟಿನಾಚೆಯೇ ಬೋಂಡದ ಗಾಡಿ ನಿಂತಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು, ಮೇಲೆ ಗೆದ್ದ ಖುಷಿ. ನಿರಪರಾಧಿ ಎಂದು ಕಾಗದದಲ್ಲೇ ಸಾಬೀತಾದವನು ಒಂದೇ ಒಂದು ತಿಂದರೆ ಏನು ಮಹಾ ಎನ್ನಿಸಿತು. ಬಾಣಲೆಯಿಂದ ಆಗಷ್ಟೇ ತೆಗೆದದ್ದು, ಕೈ ಸುಟ್ಟಿತು. ಕೈಯಲ್ಲಿದ್ದ ಕಾಗದವನ್ನೇ ಅಡಿಗೆ ಹಿಡಿದೆ.

ಮನೆಗೆ ಬಂದು ಎದೆಯುಬ್ಬಿಸಿ ಪತ್ರ ಕೊಟ್ಟೆ. ಸುಮಿತ್ರ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದಳು. ಕಾಗದದ ನಟ್ಟನಡುವೆ ದುಂಡಗಿನ ಕಲೆಯೊಂದು ಹೊಳೆಯುತ್ತಿತ್ತು.

"ದೃಶ್ಯ ಎರಡು ವರ್ಷ ಹಳೇದು, ಒಪ್ಪಿದೆ," ಎಂದಳು. "ಈ ಎಣ್ಣೆ ಯಾವತ್ತಿಂದು?"