ಸೈಕಲ್ಲಿನ ಹಿಂದಿನ ಗಾಲಿಯ ಬಿಡುಗಡೆ ಕೋರಿ ಅವ್ವನಿಗೆ

ಇಂದ:
ಓಬಳೇಶ, ಕುರಿ ಕಾಯುವವನು,
ಹೊರಗಿನ ಕಟ್ಟೆ, ತಳಕು ಹೋಬಳಿ, ಚಳ್ಳಕೆರೆ ತಾಲ್ಲೂಕು.

ಗೆ:
ಶ್ರೀಮತಿ ಕ್ಯಾತಮ್ಮನವರು,
ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯರು, ಅರ್ಜಿದಾರನ ಅವ್ವ,
ನಡುಮನೆ, ಅದೇ ಮನೆ.
(ಓದಿ ಹೇಳುವವರು: ತಂಗಿ ಸ್ವಪ್ನ. ನಗದೆ ಓದತಕ್ಕದ್ದು.)

ವಿಷಯ: ತಮ್ಮ ವಶದಲ್ಲಿರುವ ಸೈಕಲ್ ಗಾಲಿಯನ್ನು ಸೋಮವಾರದೊಳಗೆ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ: "ಬಾಯಿ ಮಾತು ನಡಿಯಲ್ಲ, ಅರ್ಜಿ ಕೊಡು" ಎಂಬ ತಮ್ಮ ನಿನ್ನೆಯ ಮೌಖಿಕ ಆದೇಶ.

ಮಾನ್ಯರೇ,

ಚಳಿ ಹಿಂದಾಗಿ ಬಿಸಿಲು ಏರುತ್ತಿದೆ. ಹಟ್ಟಿಯ ಮುಂದೆ ಮೂರು ದಿನದಿಂದ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿದೆ. ಅರ್ಧ ಬೋಳಾದ ಟಗರನ್ನು ಕಂಬಕ್ಕೆ ಕಟ್ಟಿ ಈ ಅರ್ಜಿ ಬರೆಯುತ್ತಿರುವ ಕಾರಣ, ಶೀಘ್ರ ವಿಲೇವಾರಿಗೆ ಮೊದಲೇ ಕೋರಿದೆ.

೧. ದೀಪಾವಳಿ ಮುಗಿಸಿ ಮಂದೆಯೊಂದಿಗೆ ನೀರಾವರಿ ಸೀಮೆಗೆ ಹೊರಡುವಾಗ ಸೈಕಲ್ಲಿನ ಚೈನಿಗೆ ಎಣ್ಣೆ ಸವರಿ, ಗೋಣಿಚೀಲ ಸುತ್ತಿ, ಕೊಟ್ಟಿಗೆಯ ತೊಲೆಗೆ ನೇತುಹಾಕಿದ್ದೆ. ನಾನಿಲ್ಲದಾಗ ತಮ್ಮ ಸೊಸೆ ಪುಷ್ಪಲತಾ ತವರಿನಲ್ಲಿ ಹೆಣ್ಣು ಕೂಸು ಹೆತ್ತಳು. ಸದರಿ ಕೂಸನ್ನು ನಾನು ಫೋನಿನಲ್ಲಷ್ಟೇ ನೋಡಿದ್ದೇನೆ. ಮಂದೆಯ ಜಾಗದಲ್ಲಿ ಸಿಗ್ನಲ್ ಸಾಲದ ಕಾರಣ ಮೂಗು ಕಂಡರೆ ಬಾಯಿ ಕಾಣುತ್ತಿರಲಿಲ್ಲ. ಬರುವ ಸೋಮವಾರ ತೊಟ್ಟಿಲಿಗೆ ಹಾಕುತ್ತಾರೆ. ಗುಡ್ಡದಾಚೆಯ ಆ ಹಟ್ಟಿಗೆ ಬಸ್ಸಿಲ್ಲ.

೨. ಆದ್ದರಿಂದ ಊರಿಗೆ ಬಂದವನೇ ಸೈಕಲ್ ಇಳಿಸಿದೆ. ಸೀಟಿನಡಿ ಕಣಜ ಗೂಡು ಕಟ್ಟಿತ್ತು, ತೆಗೆದೆ. ತುಕ್ಕು ಉಜ್ಜಿದೆ, ಬ್ರೇಕು ಬಿಗಿದೆ. ಹಿಂದಿನ ಗಾಲಿ ಬಿಚ್ಚಿ ಗೋಡೆಗೆ ಒರಗಿಸಿ, ಅದರ ಟ್ಯೂಬನ್ನು ತಳಕಿನ ವಲಿಸಾಬರ ಸೈಕಲ್ ಅಂಗಡಿಗೆ ಒಯ್ದೆ.

"ಇದು ಟ್ಯೂಬೇನಪ್ಪಾ? ಹಪ್ಪಳ ಆಗೈತೆ," ಎಂದರು ಅವರು. "ಮಗಳ್ನ ನೋಡೋಕೆ ಹೋಗೋನು ಹೊಸದು ಹಾಕ್ಕೊಂಡು ಹೋಗು."

೩. ಹೊಸ ಟ್ಯೂಬಿನೊಂದಿಗೆ ವಾಪಸಾದಾಗ ಗಾಲಿ ಗೋಡೆಯ ಬಳಿ ಇರಲಿಲ್ಲ. ನಡುಮನೆಯಲ್ಲಿ, ರಾಟೆಯ ಮರದ ಚಕ್ರವಿರಬೇಕಾದ ಜಾಗದಲ್ಲಿ ತಿರುಗುತ್ತಿತ್ತು. ತಾವು ಉಣ್ಣೆ ನೂಲುತ್ತಿದ್ದಿರಿ.

"ಅವ್ವಾ, ಅದು ನನ್ ಗಾಲಿ."

"ಇರ್ಲಿ ಬಿಡು, ಚೆನ್ನಾಗಿ ತಿರುಗ್ತೈತೆ. ರಾಟೆ ಚಕ್ರ ಮುರಿದೋತು."

"ನಾನು ಕೂಸಿನ್ ನೋಡೋಕೆ ಹೋಗಬ್ಯಾಡ್ವಾ?"

"ನಡ್ಕಂಡು ಹೋಗು. ಕುರಿ ಹಿಂದೆ ಅಷ್ಟು ದೂರ ನಡ್ದೋನಿಗೆ ಗುಡ್ಡ ದೂರ ಆತಾ?"

೪. ಸ್ಥಳ ಪರಿಶೀಲಿಸಲಾಗಿ, ಮುರಿದಿದೆ ಎನ್ನಲಾದ ಮರದ ಚಕ್ರವು ಅಟ್ಟದ ಮೇಲೆ ಹಳೇ ಸೀರೆಯಡಿ ಸುಸ್ಥಿತಿಯಲ್ಲಿ ದೊರೆತಿದೆ. ಕಾರಣವೇನೆಂದು ವಿಚಾರಿಸಲಾಗಿ ಸ್ವಪ್ನ ಹೀಗೆ ಹೇಳಿಕೆ ಕೊಟ್ಟಿರುತ್ತಾಳೆ: "ಬೀಗರು ಫೋನಾಗೆ ಕರೆದ್ರಂತೆ. ಬಾಗ್ಲಿಗೆ ಬಂದು ಕುಂಕುಮ ಕೊಟ್ಟು ಕರೀಲಿಲ್ಲ ಅಂತ ಅವ್ವಂಗೆ ಸಿಟ್ಟು. ಈಗ ನೀನೊಬ್ನೇ ಹೋದ್ರೆ ಅವ್ವನ ಮಾನ ಏನಾಗ್ಬೇಕು?"

೫. ಪುಷ್ಪಲತಾಗೆ ಫೋನ್ ಮಾಡಿದೆ. "ಅಪ್ಪ ಕಾಲು ಉಳುಕಿಸ್ಕಂಡು ಮಲಗೈತೆ. ಬೇರೆಯೋರ್ ಕೈಲಿ ಹೇಳಿ ಕಳ್ಸಿದ್ರೆ ಅತ್ತೆ ಇನ್ನೂ ಸಿಟ್ಟಾಗ್ತಾರೆ ಅಂತ ಫೋನ್ ಮಾಡಿದ್ವಿ," ಎಂದಳು. ಆಮೇಲೆ, "ಅತ್ತೇನ ಬಿಟ್ಟು ನೀವೊಬ್ರೇ ಬಂದ್ರೆ ಕೂಸಿನ್ ಮಕ ತೋರ್ಸಲ್ಲ ನೋಡ್ರಿ," ಎಂದು ಫೋನ್ ಇಟ್ಟಳು. ಹೀಗಾಗಿ ಗಾಲಿ ಬಂದರೂ ತಾವು ಬಾರದೆ ಪ್ರಯೋಜನವಿಲ್ಲ.

೬. (ಸ್ವಪ್ನ, ಇದನ್ನು ಮೆಲ್ಲಗೆ ಓದು.) ನೂಲುತ್ತಿರುವುದು ಸಂತೆಯಲ್ಲಿ ಮಾರುವ ಕಂಬಳಿಗೆ ಎಂದು ತಾವು ತಿಳಿಸಿದ್ದೀರಿ. ಎಳೆಮರಿಯ ಮೊದಲ ಉಣ್ಣೆಯನ್ನು ಅಷ್ಟು ನುಣ್ಣಗೆ, ಮೊಳದಷ್ಟು ಕಂಬಳಿಗೆ ಸಾಲುವಷ್ಟೇ ನೂತು ಸಂತೆಗೆ ಒಯ್ಯುವ ಪದ್ಧತಿ ನಮ್ಮ ಹಟ್ಟಿಯಲ್ಲಿ ಇಲ್ಲ. ಈ ಅಂಶವನ್ನು ಅರ್ಜಿದಾರನು ಯಾರಿಗೂ ಹೇಳಿರುವುದಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಗಾಲಿಯನ್ನು ಬಿಡುಗಡೆ ಮಾಡಿ, ಸೋಮವಾರ ಬೆಳಿಗ್ಗೆ ಅದೇ ಸೈಕಲ್ಲಿನ ಕ್ಯಾರಿಯರ್ ಮೇಲೆ ತಾವೂ ಹೊರಡಬೇಕಾಗಿ ಕೋರುತ್ತೇನೆ. ಮೋಟಾರು ಬೈಕು ತಾವು ಹತ್ತುವುದಿಲ್ಲ. ಸದಸ್ಯರಾಗಿದ್ದಷ್ಟು ಕಾಲ ಪಂಚಾಯಿತಿ ಸಭೆಗಳಿಗೆ ಇದೇ ಕ್ಯಾರಿಯರ್ ಮೇಲೆ ಕೂತು, ದಾರಿಯುದ್ದಕ್ಕೂ "ಗುಂಡಿ ನೋಡ್ಕಂಡು ತುಳಿಯಲೇ" ಎನ್ನುತ್ತ ಬಂದಿದ್ದೀರಿ. ಈಗ ಅದಕ್ಕೆ ಕಂಬಳಿ ಮಡಿಸಿ ಕಟ್ಟಿದ್ದೇನೆ.

ಕುಂಕುಮ ಕೊಟ್ಟು ಕರೆಯಬೇಕಾದ ಬಾಕಿ ಬೀಗರ ಮೇಲೆ ಹಾಗೇ ಇದೆ. ಅದನ್ನು ಮನ್ನಾ ಮಾಡಿ ಎಂದು ನಾನು ಕೇಳುವುದಿಲ್ಲ. ತಾವೇ ಖುದ್ದಾಗಿ ಹೋಗಿ, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಮಲಗಿರುವ ಬೀಗರನ್ನು ಮನಸಾರೆ ಬೈದು ವಸೂಲು ಮಾಡಿಕೊಳ್ಳಬಹುದು.

ತಮ್ಮ ಮಾತು ಮೀರದ, ಮೀರಲು ಗಾಲಿಯೂ ಇಲ್ಲದ ವಿಶ್ವಾಸಿ,
ಓಬಳೇಶ

ಲಗತ್ತುಗಳು:
೧. ವಲಿಸಾಬರು ಕೊಟ್ಟ ಹೊಸ ಟ್ಯೂಬು.
೨. ಗಾಲಿಯ ನಟ್ಟುಗಳು (ಅಂಗಿ ಜೇಬಿನಲ್ಲಿವೆ).
೩. ರಾಟೆಯ ಮರದ ಚಕ್ರ, ಅಟ್ಟದಿಂದ ಇಳಿಸಿ ಒರೆಸಿದ್ದು.

ವಿ.ಸೂ.: ಮಂಜೂರಾದಲ್ಲಿ ಸಹಿಯಾಗಲಿ ಹೆಬ್ಬೆಟ್ಟಾಗಲಿ ಬೇಡ. ದಾರ ಬಿಚ್ಚಿ ಗಾಲಿಯನ್ನು ಹೊಸ್ತಿಲಾಚೆ ಇಟ್ಟರೆ ಸಾಕು. ಟಗರು ಇನ್ನೂ ಅರ್ಧ ಬೋಳಾಗಿಯೇ ನಿಂತಿದೆ.